ಬನ್ನಪ್ಪ ಸತ್ತ ಭಾನುವಾರ

ಬನ್ನಪ್ಪ ಸತ್ತ ಭಾನುವಾರ ಸಾವಿತ್ರಿಬಾಯಿ ಸಂಜೆಯ ಊಟ ಮಾಡಲಿಲ್ಲ. ಸೊಸೆ ರಮಾಬಾಯಿ ಎರಡು ಸಲ ಕರೆದಳು. ಮೊಮ್ಮಗಳು ಸೌಂದರ್ಯಾ ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಯ ಹಾಕಿಕೊಂಡು ಹೋಗಿ ಮಂಚದ ಹತ್ತಿರ ಇಟ್ಟಳು. ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು.

"ಆಯಿ, ಏಳು. ಅದು ನಾಟಕ. ಖರೇ ಯಾರೂ ಸತ್ತಿಲ್ಲ."

"ನಾಟಕ ಅಂತ ನಂಗೂ ಗೊತ್ತದ. ನೀ ನನ್ನ ಸಂಗಟ ಮಾತಾಡಬ್ಯಾಡ."

ಬನ್ನಪ್ಪ ಈ ಊರಿನವನಲ್ಲ, ಈ ಲೋಕದವನೂ ಅಲ್ಲ. 'ಕರಿಹೊಳೆ' ಎಂಬ ಧಾರಾವಾಹಿಯ ನಾಯಕ. ಹೊರದೇಶದ ಲೇಖಕಿಯೊಬ್ಬಳು ಬರೆದ ಐದು ದಪ್ಪ ಕಾದಂಬರಿಗಳನ್ನು ಭಾಗ ಭಾಗವಾಗಿ ಟಿವಿಗೆ ತರುತ್ತಿದ್ದರು. ಕನ್ನಡದಲ್ಲಿ ಡಬ್ ಆಗಿ ಪ್ರತಿ ಭಾನುವಾರ ಮಧ್ಯಾಹ್ನ ಒಂದು ಕಂತು ಬರುತ್ತಿತ್ತು. ಕಪ್ಪು ನೀರಿನ ಒಂದು ಹೊಳೆ, ಮಾತಾಡುವ ಹದ್ದುಗಳು, ಹೊಳೆಯ ಆಚೆ ದಂಡೆಗೆ ಒಂದು ಕೋಟೆ. ನಾಯಕನ ಹೆಸರು ಬ್ರೆನಾಕ್. ಅದು ಸಾವಿತ್ರಿಬಾಯಿಯ ನಾಲಿಗೆಗೆ ಹೊರಳದೆ ಬನ್ನಪ್ಪ ಆಗಿತ್ತು. ಅವನು ದೋಣಿ ನಡೆಸುವವನು. ಕೋಟೆಯವರು ಅವನ ದೋಣಿಯಲ್ಲೇ ಹೊಳೆ ದಾಟುತ್ತಿದ್ದರು, ಆದರೆ ಅವನನ್ನು ಬಾಗಿಲೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅವನು ಹಿಡಿದ ಹುಟ್ಟನ್ನು ಮುಟ್ಟುತ್ತಿರಲಿಲ್ಲ. ಮೊದಲ ಕಂತಿನಲ್ಲಿ ಅದನ್ನು ನೋಡಿದ ಕೂಡಲೇ ಸಾವಿತ್ರಿಬಾಯಿ, "ಇಂವ ನಮ್ಮಂವ" ಎಂದಿದ್ದಳು.

ಕಲಬುರಗಿಯ ಕಪನೂರದ ಕಾರ್ಖಾನೆಗಳ ಹಿಂದೆ ಅವರ ಮನೆ. ಮಗ ಪೀರಪ್ಪ ಬೇಳೆ ಮಿಲ್ಲಿನಲ್ಲಿ ಫಿಟ್ಟರ್. ರಮಾಬಾಯಿ ಅಂಗನವಾಡಿಯಲ್ಲಿ ಟೀಚರ್. ಸೌಂದರ್ಯಾ ಬಿ.ಎಡ್ ಓದುತ್ತಿದ್ದಳು, ಅವಳ ತಮ್ಮ ಪ್ರಬುದ್ಧ ಡಿಪ್ಲೊಮಾ ಮಾಡುತ್ತಿದ್ದ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಉಂಡು ಏಳುವ ಮನೆ ಅದು. ಈ ಧಾರಾವಾಹಿ ಶುರುವಾದ ಮೇಲೆ ಭಾನುವಾರ ಮಧ್ಯಾಹ್ನ ಐದೂ ಜನ ಒಟ್ಟಿಗೆ ಕೂತು ಉಣ್ಣುವುದು ರೂಢಿಯಾಗಿತ್ತು. ಐದು ಕಾದಂಬರಿಗಳನ್ನೂ ಕಾಲೇಜಿನ ದಿನಗಳಲ್ಲೇ ಓದಿ ಮುಗಿಸಿದ್ದವಳು ಸೌಂದರ್ಯಾ ಒಬ್ಬಳೇ.

ಆ ಭಾನುವಾರದ ಕಂತಿನಲ್ಲಿ ಹೊಳೆ ಉಕ್ಕಿ ಕೋಟೆಯೊಳಗೆ ನುಗ್ಗಿತ್ತು. ಬನ್ನಪ್ಪ, ಅವನು ಮದುವೆಯಾಗಬೇಕಿದ್ದ ಹುಡುಗಿ, ಮತ್ತು ಮುದಿ ಚುಕ್ಕಾಣಿಗ ಮೂವರೂ ಸೇರಿ ಕೋಟೆಯವರ ಮಕ್ಕಳನ್ನು ದೋಣಿಯಲ್ಲಿ ಹೊತ್ತು ಎತ್ತರದ ಬುರುಜಿಗೆ ಮುಟ್ಟಿಸುತ್ತಿದ್ದರು. ಬುರುಜಿನ ಮೇಲಿಂದ ಕಾವಲಿನವರು ದೋಣಿಯ ಹಗ್ಗ ಹಿಡಿದಿದ್ದರು. ಕಡೆಯ ಮಗುವನ್ನು ಮೇಲೆ ಎಳೆದುಕೊಂಡ ಮೇಲೆ ಕಾವಲಿನ ಮುಖಂಡ ಕೈ ಎತ್ತಿದ. ಕಾವಲಿನವರಲ್ಲೊಬ್ಬ ಹಗ್ಗ ಕೊಯ್ದ.

"ಹಗ್ಗ ಹಿಡೀರೋ!" ಸಾವಿತ್ರಿಬಾಯಿ ಎದ್ದು ನಿಂತಿದ್ದಳು. "ಬಿಡಬ್ಯಾಡ್ರೋ! ನಿಮ್ಮ ಮಕ್ಕಳನ್ನ ತಂದು ಕೊಟ್ಟಾನಲ್ರೋ!"

ದೋಣಿ ಮೂವರನ್ನೂ ಹೊತ್ತು ಕಪ್ಪು ನೀರಿನಲ್ಲಿ ಮಗುಚಿತು. ಆಕೆ ಮುಂದೆ ಹೋಗಿ ಅಂಗೈಯಿಂದ ಟಿವಿಯನ್ನು ಬಡಿದಳು. ಮತ್ತೆ ಬಡಿದಳು. ಸೆರಗು ಜಾರಿ ನೆಲಕ್ಕೆ ಬಿತ್ತು. ಕೊನೆಗೆ ಅಲ್ಲೇ ಕುಸಿದು ಕೂತು, ಸತ್ತ ಮನೆಯಲ್ಲಿ ಅಳುವಂತೆ ಅತ್ತಳು. ಟಿವಿಯ ಪಕ್ಕದ ಡಬ್ಬಿಗೆ ಒರಗಿಸಿ ಇಟ್ಟ ಪ್ರಬುದ್ಧನ ಫೋನು ಇದನ್ನೆಲ್ಲ ಚಿತ್ರೀಕರಿಸಿಕೊಳ್ಳುತ್ತಿತ್ತು. "ಈ ಐತವಾರ ತಪ್ಪಿಸಬ್ಯಾಡ, ಆಯಿ ಮಾರಿ ನೋಡುವಂಗ ಇರ್ತದ" ಎಂದು ಅವನಿಗೆ ಹೇಳಿದ್ದವಳು ಸೌಂದರ್ಯಾ.

ಅಳು ಇಳಿದ ಮೇಲೆ ಸಾವಿತ್ರಿಬಾಯಿ ಮೊಮ್ಮಗಳನ್ನು ನೋಡಿದಳು.

"ಹ್ವಾದ ಐತವಾರ ನಿಂಗ ಕೇಳಿದ್ನಿಲ್ಲ, ಇಂವ ಉಳೀತಾನೇನು ಅಂತ?"

"ಕೇಳಿದ್ದಿ."

"ಏನಂದಿ ನೀ?"

"ಉಳೀತಾನ ಅಂದ್ನಿ."

"ಪುಸ್ತಕ ಓದಿದಾಕಿ ನೀ. ನಿಂಗ ಗೊತ್ತಿತ್ತು."

ಸೌಂದರ್ಯಾ ತಲೆ ತಗ್ಗಿಸಿದಳು.

* * *

ಅಡುಗೆಮನೆಯಲ್ಲಿ ರಮಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಪೀರಪ್ಪ ಒಲೆಯ ಪಕ್ಕದಲ್ಲೇ ಕೂತು ಉಣ್ಣುತ್ತಿದ್ದ.

"ಅವ್ವಗ ಬಿಪಿ ಗುಳಿಗಿ ಕೊಟ್ಟಿ?"

"ಕೊಟ್ಟೀನಿ. ತಗೊಂಡಾರ. ಊಟಾ ಒಂದು ಒಲ್ಲೆ ಅಂತಾರ."

"ಟಿವಿ ಒಳಗಿನ ಮನಷ್ಯಾಗ ಇಷ್ಟು ಮಾಡ್ಯಾಳ. ಇನ್ನ ಮಾಮಂದು ಹೆಂಗ ಹೇಳ್ತಿ ಆಕಿಗೆ?"

ರಮಾಬಾಯಿಯ ಕೈ ನಿಂತಿತು.

ಮಾಮ ಎಂದರೆ ತುಕಾರಾಮ, ಸಾವಿತ್ರಿಬಾಯಿಯ ಒಬ್ಬನೇ ತಮ್ಮ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು, ನಿವೃತ್ತಿಯಾದ ಮೇಲೆ ಕಮಲಾಪುರದಲ್ಲಿ ಮಗ ಮಲ್ಲಣ್ಣನ ಜೊತೆ ಇದ್ದ. ಅವನು ಹಾಲು ಕುಡಿಯುವ ಕೂಸಾಗಿದ್ದಾಗಲೇ ತಾಯಿ ತೀರಿಕೊಂಡಿದ್ದಳು. ಆಗ ಇನ್ನೂ ಹುಡುಗಿಯಾಗಿದ್ದ ಸಾವಿತ್ರಿಬಾಯಿ ಅವನನ್ನು ಬಗಲಲ್ಲಿ ಹೊತ್ತುಕೊಂಡೇ ಹೊಲದ ಕೆಲಸಕ್ಕೆ ಹೋಗಿ ಬೆಳೆಸಿದ್ದಳು. ಕೆಲವು ವಾರಗಳ ಹಿಂದೆ ಹೊಟ್ಟೆನೋವು ಎಂದು ಅವನು ಕಲಬುರಗಿಗೆ ಬಂದಾಗ ದವಾಖಾನೆಗೆ ಕರೆದುಕೊಂಡು ಹೋದವರು ಪೀರಪ್ಪ ಮತ್ತು ಸೌಂದರ್ಯಾ. ಹೊಟ್ಟೆಯ ಕ್ಯಾನ್ಸರ್ ಯಕೃತ್ತಿಗೆ ಹಬ್ಬಿದೆ, ಆಪರೇಷನ್ನಿನಿಂದ ಉಪಯೋಗವಿಲ್ಲ, ಎರಡು ತಿಂಗಳು, ಹೆಚ್ಚೆಂದರೆ ಮೂರು ಎಂದು ಡಾಕ್ಟರು ಹೇಳಿದ್ದರು. ಪೀರಪ್ಪ ಮನೆಗೆ ಬಂದು ತಾಯಿಗೆ, "ಹೊಟ್ಟ್ಯಾಗ ಹುಣ್ಣಾಗ್ಯಾದ, ಗುಳಿಗಿ ಕೊಟ್ಟಾರ" ಎಂದಷ್ಟೇ ಹೇಳಿದ್ದ. ಹಿಂದಿನ ವರ್ಷ ಬಿಪಿ ಏರಿ ಆಕೆ ಬಿದ್ದು ದವಾಖಾನೆ ಸೇರಿದ್ದನ್ನು ಅವನು ಮರೆತಿರಲಿಲ್ಲ. ಬಾಯಿ ನಿಲ್ಲದ ಹುಡುಗನೆಂದು ಪ್ರಬುದ್ಧನಿಗೂ ತಿಳಿಸಿರಲಿಲ್ಲ.

"ಆಕಿ ತಮ್ಮ ರೀ ಅವರು," ಎಂದಳು ರಮಾಬಾಯಿ. "ಹೇಳಬೇಕು."

"ಹೇಳಿದ ಮ್ಯಾಲ ಆಕಿಗೇ ಏನರ ಆದ್ರ? ಇಬ್ಬರನ್ನೂ ನಾ ಹೊರಬೇಕೇನು?"

"ಮುಂದ ಗೊತ್ತಾಗೇ ಆಗ್ತದಲ್ಲ?"

"ಆದಾಗ ನೋಡೋಣು." ಪೀರಪ್ಪ ಬಾಗಿಲಲ್ಲಿ ನಿಂತಿದ್ದ ಮಗಳ ಕಡೆ ತಿರುಗಿದ. "ನೀನೂ ಬಾಯಿ ಬಿಡಬ್ಯಾಡ."

"ಇಲ್ಲಪ್ಪ," ಎಂದಳು ಸೌಂದರ್ಯಾ. ಕೈಯಲ್ಲಿ ಆಯಿ ಮುಟ್ಟದ ತಾಟು ಹಾಗೇ ಇತ್ತು.

* * *

ಪ್ರಬುದ್ಧ ಆ ವಿಡಿಯೊವನ್ನು ಗೆಳೆಯರ ಗುಂಪಿಗೆ ಕಳಿಸಿದ. ಅವನ ಗೆಳೆಯ ಆಮಿರ್ ಅದಕ್ಕೆ ತಾಳ ಜೋಡಿಸಿ, ಮುದುಕಿ ಟಿವಿ ಬಡಿಯುವ ಒಂದೊಂದು ಪೆಟ್ಟಿಗೂ ಒಂದೊಂದು ಡೋಲಿನ ಸದ್ದು ಹಾಕಿ ಊರಿಗೆಲ್ಲ ಬಿಟ್ಟ. ವಾರದೊಳಗೆ ಅದು ಬೀದರ್, ರಾಯಚೂರು ದಾಟಿ ಎಲ್ಲಿಗೋ ಹೋಗಿತ್ತು.

ಮಿಲ್ಲಿನಲ್ಲಿ ಚಹಾದ ಹೊತ್ತಿಗೆ ಹಮಾಲರು ಒಂದು ಫೋನಿನ ಸುತ್ತ ಗುಂಪಾಗಿ ನಗುತ್ತಿದ್ದರು. ಪೀರಪ್ಪನ ಜೊತೆ ಕೆಲಸ ಮಾಡುವ ಫಕ್ರುದ್ದೀನ್ ನಗದೆ ಇವನ ಹತ್ತಿರ ಬಂದ.

"ಪೀರಪ್ಪ ಭಾಯಿ, ಬುರಾ ಮತ್ ಮಾನೋ, ತಪ್ಪು ತಿಳೀಬ್ಯಾಡ್ರಿ. ಇದು ನಿಮ್ಮ ಅವ್ವಾರು ಅಲ್ಲೇನು?"

ಅದೇ ದಿನ ಅಂಗನವಾಡಿಗೆ ಮಗುವನ್ನು ಬಿಡಲು ಬಂದ ತಾಯಿಯೊಬ್ಬಳು ರಮಾಬಾಯಿಯ ಮುಂದೆಯೇ, "ಹಗ್ಗ ಹಿಡೀರೋ" ಎಂದು ಅಣಕಿಸಿ ನಕ್ಕಳು. ವಿಡಿಯೊದ ಮುದುಕಿ ರಮಾಬಾಯಿಯ ಅತ್ತೆ ಎಂದು ಆ ಹೆಂಗಸಿಗೆ ಗೊತ್ತಿರಲಿಲ್ಲ.

ಸಂಜೆ ಪೀರಪ್ಪ ಚಪ್ಪಲಿ ಬಿಡದೆ ಒಳಗೆ ಬಂದು ಮಗನ ಅಂಗಿ ಹಿಡಿದ.

"ನಿನ್ನ ಆಯಿನ್ನ ಊರಾಗ ಕುಣಿಸಾಕತ್ತೀಯೇನಲೇ?"

"ನಗಲಿ ಅಂತ ಹಾಕಿಲ್ಲಪ್ಪ! ಎಲ್ಲಾ ದೇಶದಾಗೂ ಹಿಂಗ ಹಾಕಾಕತ್ತಾರ. ನಮ್ಮ ಆಯಿಂದೂ ಇರ್ಲಿ ಅಂತ ಹಾಕಿದ್ನಿ. ಆ ಸಪ್ಪಳ ಹಾಕಿದಂವ ಆಮಿರ್."

ಪೀರಪ್ಪ ಕೈ ಎತ್ತಿದ. ರಮಾಬಾಯಿ ನಡುವೆ ಬಂದಳು. ಮಂಚದ ಮೇಲಿಂದ ಸಾವಿತ್ರಿಬಾಯಿ ಕೂಗಿದಳು.

"ಏನದು? ನಂಗೂ ತೋರಸ್ರಿ."

"ಏನಿಲ್ಲವ್ವ."

"ಏನಿಲ್ಲಂದ್ರ ಹುಡುಗನ್ನ ಯಾಕ ಹೊಡೀತಿ? ತಾ ಇಲ್ಲಿ."

ಪ್ರಬುದ್ಧ ಫೋನು ಕೊಟ್ಟ. ಆಕೆ ಕಣ್ಣಿನ ಹತ್ತಿರ ಹಿಡಿದು ಪೂರ್ತಿ ನೋಡಿದಳು. ಡೋಲಿನ ಸದ್ದು ಮನೆಯೆಲ್ಲ ಕೇಳಿಸಿತು.

"ಇಷ್ಟು ಮುದುಕಿ ಆಗೀನೇನು ನಾ?" ಎಂದಳು. ಆಮೇಲೆ, "ಸೆರಗು ಎಲ್ಲಿ ಹೋಗ್ಯಾದ ನೋಡು. ಒಬ್ಬರರ ಎದ್ದು ಹೊಚ್ಚಲಿಲ್ಲಲ್ಲ" ಎಂದಳು.

ಆಕೆ ಫೋನನ್ನು ಮೊಮ್ಮಗನ ಕಡೆ ಚಾಚಿದಳು.

"ಬ್ಯಾರೆಯವರೂ ಮಾಡ್ಯಾರ ಅಂದಿ. ಅವರನ್ನೂ ತೋರಸು."

ಪ್ರಬುದ್ಧ ಪಕ್ಕದಲ್ಲಿ ಕೂತು ಒಂದೊಂದಾಗಿ ತೋರಿಸಿದ. ಯಾವುದೋ ದೇಶದ ದಪ್ಪನೆಯ ಗಂಡಸೊಬ್ಬ ದಿಂಬಿನಲ್ಲಿ ಮುಖ ಹುದುಗಿಸಿ ಅಳುತ್ತಿದ್ದ. ಹಾಸ್ಟೆಲ್ಲಿನ ಹುಡುಗಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು ಚೀರುತ್ತಿದ್ದರು. ಒಬ್ಬ ಟಿವಿಗೆ ಚಪ್ಪಲಿ ಎಸೆದಿದ್ದ. ಬರೆದವಳೇ ಕೊಲೆಗಾರಳು ಎಂದು ಸಾವಿರಾರು ಜನ ಬೈದಿದ್ದರು. ಇನ್ನು ಮುಂದೆ ಇದನ್ನು ನೋಡುವುದಿಲ್ಲ ಎಂದು ಪ್ರಬುದ್ಧನ ಕಾಲೇಜಿನ ಹುಡುಗರೇ ಆಣೆ ಹಾಕಿದ್ದರು.

"ಇವರ್ಯಾರಿಗೂ ಗೊತ್ತಿದ್ದಿಲ್ಲೇನು, ಅಂವ ಸಾಯ್ತಾನ ಅಂತ?"

"ಇಲ್ಲ ಆಯಿ."

"ಫೋನ್ ಹಿಡದವರಿಗೆ?"

ಪ್ರಬುದ್ಧ ಅಕ್ಕನ ಮುಖ ನೋಡಿದ.

"ಅವರಿಗೆ ಗೊತ್ತಿತ್ತು," ಎಂದಳು ಸೌಂದರ್ಯಾ. "ಅವರು ಪುಸ್ತಕ ಓದಿದವರು."

"ಅಂದ್ರ ಗೊತ್ತಿದ್ದವರು ಸುಮ್ಮಕ ಕುಂತು, ಗೊತ್ತಿಲ್ಲದವರ ಮಾರಿ ನೋಡಾಕತ್ತಿದ್ರು."

ರಮಾಬಾಯಿ ಗಂಡನ ಕಡೆ ನೋಡಿದಳು. ಪೀರಪ್ಪ ಕೈಕಾಲು ತೊಳೆಯಲು ಹೊರಗೆ ಹೋದ.

ಸೌಂದರ್ಯಾ ನೆಲದ ಮೇಲೆ ಆಯಿಯ ಕಾಲ ಹತ್ತಿರ ಕೂತಳು. "ನಾ ಓದಿದಾಗ ಒಬ್ಬಾಕೀನೇ ಅತ್ತಿದ್ನಿ ಆಯಿ. ಯಾರ ಮುಂದ ಹೇಳಬೇಕು ತಿಳೀಲಿಲ್ಲ. ನಿಂಗೂ ಹಂಗೇ ಆದ್ರ ಇಬ್ಬರೂ ಕೂಡಿ ಮಾತಾಡಬಹುದು ಅನ್ನಿಸಿತ್ತು."

"ಅದಕ್ಕ ಸುಳ್ಳು ಹೇಳಿದಿ?"

"ಖರೇ ಹೇಳಿದ್ರ ನೀ ನೋಡ್ತಿದ್ದಿಲ್ಲ."

"ನೋಡ್ತಿದ್ನಿ," ಎಂದಳು ಸಾವಿತ್ರಿಬಾಯಿ. "ಅಂವ ಇರೂತನಕ ಛಂದಂಗ ನೋಡ್ತಿದ್ನಿ."

ಪ್ರಬುದ್ಧ ತನ್ನ ವಿಡಿಯೊ ಅಳಿಸಿದ. ಆಮಿರ್ ಮನೆಗೇ ಬಂದು ಮುದುಕಿಯ ಕಾಲು ಮುಟ್ಟಿ, ತನ್ನದನ್ನೂ ಅಳಿಸಿ ಹೋದ. ಉಳಿದವರ ಫೋನುಗಳಲ್ಲಿ ಅದು ಓಡಾಡುತ್ತಲೇ ಇತ್ತು.

* * *

ಮುಂದಿನ ವಾರ ಒಂದು ಮಧ್ಯಾಹ್ನ ಸಾವಿತ್ರಿಬಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಾಗ ಫೋನು ಬಂತು. ಸೌಂದರ್ಯಾ ಎತ್ತಿ, ಹೆಸರು ನೋಡಿ, ಒಂದು ಗಳಿಗೆ ತಡೆದು ಆಯಿಯ ಕೈಗೆ ಕೊಟ್ಟಳು.

"ಜೈ ಭೀಮ್ ಅಕ್ಕ. ಟಿವಿ ಒಡದಿ ಅಂತಲ್ಲ?"

"ಜೈ ಭೀಮ್ ತುಕಾರಾಮ. ಮಲ್ಲಣ್ಣ ತೋರಿಸಿದನೇನು? ನಗು, ನೀನೂ ನಗು."

ತುಕಾರಾಮ ನಕ್ಕ. ನಗು ಕೆಮ್ಮಾಯಿತು. ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ.

"ದನಿ ಯಾಕ ಹಿಂಗಾಗ್ಯಾದ? ಹೊಟ್ಟ್ಯಾಗಿನ ಹುಣ್ಣು ಹೆಂಗದ?"

"ಹುಣ್ಣು?"

"ಗುಳಿಗಿ ತಗೊಳ್ಳಾಕತ್ತಿಲ್ಲೇನು?"

ಆ ಕಡೆಯಿಂದ ರಸ್ತೆಯ ಲಾರಿಗಳ ಸದ್ದು ಕೇಳಿಸಿತು.

"ಅಕ್ಕ, ಪೀರಪ್ಪ ನಿಂಗ ಏನ ಹೇಳ್ಯಾನ?"

ಸಾವಿತ್ರಿಬಾಯಿ ಮೊರ ಕೆಳಗಿಟ್ಟಳು. "ನೀ ಹೇಳು."

ತುಕಾರಾಮ ಹೇಳಿದ. ಹೇಳಿ ಮುಗಿಸಿ, "ನಿಂಗ ಗೊತ್ತದ ಅಂತ ಮಾಡಿದ್ನಿ. ದಿನಾ ಬಸ್ಸಿನ ಹೊತ್ತಿಗಿ ದಾರಿ ನೋಡ್ತಿದ್ನಿ. ಗೊತ್ತಿದ್ದೂ ನಮ್ಮಕ್ಕ ಬರಲಿಲ್ಲಲ್ಲ ಅಂತ. ಆಮ್ಯಾಲ ಇದು ನೋಡಿದ್ನಿ. ಯಾರೋ ದೋಣಿಯವಗ ಇಷ್ಟು ಅಳ್ತಾಳ, ನನ್ನ ಕಡೆ ಹಣಿಕಿ ಹಾಕಲಿಲ್ಲ ಅಂತ ಖರೇನೇ ಸಿಟ್ಟು ಬಂತು. ಬೈಯಬೇಕಂತನೇ ಫೋನ್ ಮಾಡಿದ್ನಿ ಅಕ್ಕ" ಎಂದ.

"ಎಷ್ಟು ದಿನ ಅಂದಾರ?"

"ಎರಡು ತಿಂಗಳು ಅಂದಿದ್ರು. ಅದರಾಗ ಒಂದು ಹೋಯ್ತು."

"ನಾ ಬರ್ತೀನಿ," ಎಂದು ಸಾವಿತ್ರಿಬಾಯಿ ಫೋನು ಇಟ್ಟಳು. ಅಳಲಿಲ್ಲ. ಎದ್ದು ಗೂಟದಿಂದ ಕೈಚೀಲ ತೆಗೆದಳು.

"ನಿಂಗೂ ಗೊತ್ತಿತ್ತು."

"ಹೌದು ಆಯಿ," ಎಂದಳು ಸೌಂದರ್ಯಾ.

"ಇದೂ."

ಸೌಂದರ್ಯಾ ಅಳತೊಡಗಿದಳು. ಆಕೆ ಅದನ್ನು ಗಮನಿಸದೆ ಸೀರೆ ಮಡಚಿ ಚೀಲಕ್ಕೆ ಹಾಕಿದಳು.

ಊಟಕ್ಕೆ ಬಂದ ಪೀರಪ್ಪ ಹೊಸ್ತಿಲಲ್ಲಿ ಚೀಲ ನೋಡಿ ನಿಂತ. ಅವನ ಹಿಂದೆಯೇ ರಮಾಬಾಯಿಯೂ ಅಂಗನವಾಡಿಯಿಂದ ಬಂದಳು.

"ಅವ್ವ, ಎಲ್ಲಿಗಿ?"

"ಕಮಲಾಪುರಕ್ಕ."

"ಯಾರ ಹೇಳಿದ್ರು?"

"ಸಾಯಾಕತ್ತಂವನೇ ಹೇಳ್ಯಾನ. ಹೇಳಬೇಕಾದವರು ಹೇಳಲಿಲ್ಲ."

"ನಿನ್ನ ಬಿಪಿ—"

"ಬಿಪಿ ನಂದು. ತಮ್ಮ ನನ್ನಂವ. ಹೊಲದಾಗ ಬಗಲಾಗ ಕಟಗೊಂಡು ದೊಡ್ಡಂವನ್ನ ಮಾಡೀನಿ. ಒಂದು ತಿಂಗಳು, ಪೀರ್ಯಾ. ಇರೂದೇ ಎರಡು ತಿಂಗಳು, ಅದರಾಗ ಒಂದು ನನ್ನ ಕಡಿಂದ ಕಸಗೊಂಡಿ."

"ತಡಕೊಳ್ಳೂದಿಲ್ಲ ನೀ ಅಂತ ಅಂಜಿದ್ನೆವ್ವ."

"ತಡಕೊಳ್ಳೂದು ಬಿಡೂದು ನಂದು. ಹೇಳೂದು ನಿಂದಿತ್ತು."

ಪೀರಪ್ಪ ಹೆಂಡತಿಯ ಕಡೆ ತಿರುಗಿದ. "ನೀನರ ಹೇಳು ಆಕಿಗೆ. ಬಿಸಲು ಇಳದ ಮ್ಯಾಲ ಹೋಗಲಿ."

"ನಾ ಹೇಳೂದು ಅವತ್ತೇ ಹೇಳೀನಿ ರೀ." ರಮಾಬಾಯಿ ಒಳಗೆ ಹೋಗಿ ರೊಟ್ಟಿ, ಶೇಂಗಾದ ಹಿಂಡಿ ಬಟ್ಟೆಯಲ್ಲಿ ಕಟ್ಟಿ ತಂದಳು. "ಅತ್ತಿ, ಗುಳಿಗಿ ಚೀಲದ ಮ್ಯಾಲಿನ ಖಾನ್ಯಾಗ ಇಟ್ಟೀನಿ. ಹೊತ್ತಿಗಿ ತಗೋರಿ. ಸೌಂದರ್ಯಾ, ನೀ ಸಂಗಟ ಹೋಗು."

* * *

ಮಲ್ಲಣ್ಣನ ಪಂಕ್ಚರ್ ಅಂಗಡಿ ಹುಮನಾಬಾದ ರಸ್ತೆಯ ಮೇಲೆ. ಅದರ ಹಿಂದೆಯೇ ಮನೆ. ಹೊರಗಿನ ಪಡಸಾಲೆಯಲ್ಲಿ ಹೊರಸಿನ ಮೇಲೆ ತುಕಾರಾಮ ಮಲಗಿದ್ದ. ಮುಖದಲ್ಲಿ ಮೂಗು ಮಾತ್ರ ಮೊದಲಿನಂತೆ ಇತ್ತು. ಸಾವಿತ್ರಿಬಾಯಿ ಹತ್ತಿರ ಕೂತು ಅವನ ತಲೆ ತನ್ನ ತೊಡೆಯ ಮೇಲೆ ಎಳೆದುಕೊಂಡಳು.

"ಟಿಕೆಟ್ ತಗೊಂಡು ಬಂದಿ ಇಲ್ಲ?" ಎಂದು ಕೇಳಿದ ಅವನು.

"ಹೆಣ್ಮಕ್ಕಳಿಗೆ ಫುಕಟ್ ಅದ ಈಗ. ಮರ್ತೀಯೇನು?"

"ನನ್ನ ಕಾಲದಾಗ ಇದ್ದಿದ್ರ ನಿನ್ನ ದಿನಾ ಕರಕೊಂಡು ತಿರಗ್ತಿದ್ನಿ."

ಆಕೆ ಅಲ್ಲೇ ಉಳಿದಳು. ಬೆಳಗ್ಗೆ ಅಂಬಲಿ ಕಾಯಿಸಿ ಚಮಚದಲ್ಲಿ ಕುಡಿಸುತ್ತಿದ್ದಳು. ಕೆಂಪು ಬಾಳೆಹಣ್ಣು ಅವನಿಗೆ ಪ್ರಾಣ. ಕಿವುಚಿ ಹಾಲಲ್ಲಿ ಕಲಸಿ ಬೆರಳ ತುದಿಯಷ್ಟು ನಾಲಿಗೆಗೆ ಸವರಿದರೆ ಕಣ್ಣು ಮುಚ್ಚಿ ಚಪ್ಪರಿಸುತ್ತಿದ್ದ. ಸೌಂದರ್ಯಾ ಶನಿವಾರ ಕಾಲೇಜು ಮುಗಿಸಿ ಬರುತ್ತಿದ್ದಳು. ಪ್ರಬುದ್ಧನೂ ಬಂದು ತುಕಾರಾಮ ಮುತ್ಯಾನನ್ನು ಎತ್ತಿ ಕೂಡಿಸಿ, ಬಿಸಿನೀರಲ್ಲಿ ಮೈ ಒರೆಸುತ್ತಿದ್ದ. ಮೊದಲ ದಿನ ಅವನಿಗೆ ಅಳು ತಡೆಯಲಾಗಲಿಲ್ಲ. "ನಂಗ ಯಾರೂ ಹೇಳೇ ಇಲ್ಲ" ಎಂದು ಅಕ್ಕನ ಮೇಲೆ ರೇಗಿದ. ಭಾನುವಾರ ರಮಾಬಾಯಿ ಬಂದು ಒಗೆಯುವುದು, ರೊಟ್ಟಿ ಬಡಿಯುವುದು ನೋಡಿಕೊಳ್ಳುತ್ತಿದ್ದಳು. ಪೀರಪ್ಪನೂ ಬರುತ್ತಿದ್ದ. ಆದರೆ ತಾಯಿ ಅವನ ಜೊತೆ ಮಾತಾಡುತ್ತಿರಲಿಲ್ಲ. ಅವನು ಮಾಮನ ಮುಖ ನೋಡಿ, ಹೋಗಿ ಅಂಗಡಿಯಲ್ಲಿ ಟೈರುಗಳ ನಡುವೆ ಕೂತುಬಿಡುತ್ತಿದ್ದ.

ತುಕಾರಾಮನಿಗೆ ಅಕ್ಕನನ್ನು ಅಳಿಸಿದ ಆ ದೋಣಿಯವನನ್ನು ನೋಡಬೇಕೆನ್ನಿಸಿತು. ಮಲ್ಲಣ್ಣನ ಫೋನಿನಲ್ಲಿ 'ಕರಿಹೊಳೆ'ಯನ್ನು ಮೊದಲಿಂದ ನೋಡತೊಡಗಿದ. ನೋವು ಕಡಿಮೆಯಿದ್ದ ದಿನ ಎರಡು ಕಂತು. ಅಕ್ಕ ಪಕ್ಕದಲ್ಲಿ ಕೂತು ಫೋನು ಹಿಡಿದುಕೊಳ್ಳುತ್ತಿದ್ದಳು. ಒಂದು ಭಾನುವಾರ ಆ ಕಂತು ಬಂತು.

"ತುಕಾರಾಮ, ಇದರಾಗ ಸಾಯ್ತಾನ ಅಂವ. ಹಗ್ಗ ಕೊಯ್ತಾರ. ನೋಡ್ತೀಯೇನು, ಬ್ಯಾಡೇನು?"

"ಹಚ್ಚು."

ಹೊಳೆ ಉಕ್ಕಿತು. ಮಕ್ಕಳು ಬುರುಜು ಹತ್ತಿದರು. ಮುಖಂಡ ಕೈ ಎತ್ತಿದ. ಕಾವಲಿನವ ಹಗ್ಗಕ್ಕೆ ಕತ್ತಿ ಹಚ್ಚಿದ. ಸಾವಿತ್ರಿಬಾಯಿ ಈ ಸಲ ಕೂಗಲಿಲ್ಲ. ತಮ್ಮನ ಮುಂಗೈ ಹಿಡಿದುಕೊಂಡಿದ್ದಳು.

"ಜರಾ ನಿಲ್ಲಸು," ಎಂದ ತುಕಾರಾಮ. "ಕೊಯ್ಯಾಂವನ ಮಾರಿ ನೋಡಕ್ಕ."

"ಅವನ ಮಾರಿ ಏನ ನೋಡ್ತಿ, ಹಾಳಾದಂವಂದು."

"ಅಂಜ್ಯಾನ ನೋಡು ಅಂವ. ಕಣ್ಣು ಬಿಗಿ ಮುಚಗೊಂಡಾನ." ಉಸಿರು ತೆಗೆದುಕೊಂಡು ಕೇಳಿದ. "ಪೀರಪ್ಪ ಅಂಗಡ್ಯಾಗ ಕುಂತಾನೇನು?"

ಆಕೆ ಫೋನನ್ನು ಹೊರಸಿನ ಮೇಲೆ ಬೋರಲಾಗಿ ಇಟ್ಟಳು.

"ದವಾಖಾನ್ಯಾಗ ಡಾಕ್ಟರ್ ಹೇಳಿದಾಗ ನಾ ಗಟ್ಟ್ಯಾಗಿ ನಿಂತಿದ್ನಿ. ಅವನೇ ಗ್ವಾಡಿ ಹಿಡಕೊಂಡು ಕುಂತ. ಪ್ರಬುದ್ಧ, ನಿಮ್ಮಪ್ಪಗ ಕರಿ. ಹಸ್ತಿರಬೇಕು."

ಪೀರಪ್ಪ ಬಂದು ಬಾಗಿಲ ಹತ್ತಿರ ಕೂತ. ಸಾವಿತ್ರಿಬಾಯಿ ಎದ್ದು ಒಳಗೆ ಹೋದಳು. ತಾಟಿನಲ್ಲಿ ಎರಡು ರೊಟ್ಟಿ, ಬೇಳೆಪಲ್ಯ, ಉಳ್ಳಾಗಡ್ಡಿ ಹಾಕಿ ತಂದು ಅವನ ಮುಂದಿಟ್ಟಳು. ಅವನು ಉಂಡು ಮುಗಿಸುವ ತನಕ ಎದುರಿಗೇ ಕೂತಿದ್ದು, ಇನ್ನೊಂದು ರೊಟ್ಟಿ ಹಾಕಿದಳು.

ಉಳಿದ ಕಂತನ್ನು ಎಲ್ಲರೂ ಸೇರಿ ನೋಡಿದರು. ಮರುವಾರ ಆ ಭಾಗದ ಕೊನೆಯ ಕಂತೂ ಆಯಿತು. ಬನ್ನಪ್ಪನ ಅಕ್ಕ ಇಸೋಲಾ ಒಬ್ಬಳೇ ಹೊಳೆಯ ದಂಡೆಗುಂಟ ತಮ್ಮನ ಹೆಣ ಹುಡುಕುತ್ತ ಹೋಗುವಲ್ಲಿಗೆ ಅದು ನಿಂತಿತು.

"ಮುಂದಿಂದು ಯಾವಾಗ?" ಎಂದು ತುಕಾರಾಮ ಕೇಳಿದ.

"ಮುಂದಿನ ವರ್ಷ ಮುತ್ಯಾ," ಎಂದುಬಿಟ್ಟ ಪ್ರಬುದ್ಧ.

ಮಲ್ಲಣ್ಣ ಎದ್ದು ಅಂಗಡಿಗೆ ಹೋದ. ರಮಾಬಾಯಿ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. ತುಕಾರಾಮ ಒಬ್ಬನೇ ನಕ್ಕ.

"ಆ ಗಾಡಿ ನಂಗ ಸಿಗೂದಿಲ್ಲ ಬಿಡು. ಸೌಂದರ್ಯಾ, ನೀ ಎಲ್ಲಾ ಓದೀಯಂತಲ್ಲ? ಹೇಳು. ಮೊದಲು ಕಡೀ ಸ್ಟಾಪ್ ಹೇಳು. ಆಮ್ಯಾಲ ನಡುವಿಂದು ಎಷ್ಟಾಗ್ತದೋ ಅಷ್ಟು."

ಸೌಂದರ್ಯಾ ಆಯಿಯನ್ನು ನೋಡಿದಳು.

"ಹೇಳು," ಎಂದಳು ಸಾವಿತ್ರಿಬಾಯಿ. "ಯಾರ್ಯಾರು ಸಾಯ್ತಾರ ಅವರ ಹೆಸರು ಮುಚ್ಚಬ್ಯಾಡ."

ಸೌಂದರ್ಯಾ ಹೊರಸಿನ ಕಾಲಿಗೆ ಒರಗಿ ಕೂತು ಹೇಳಿದಳು. ಇಸೋಲಾಗೆ ತಮ್ಮನ ಹೆಣ ಕೊನೆತನಕ ಸಿಗುವುದಿಲ್ಲ. ಕೋಟೆ ಬೀಳುತ್ತದೆ. ಹದ್ದುಗಳು ಹೊಳೆ ಬಿಟ್ಟು ಹೋಗುತ್ತವೆ. ಇಸೋಲಾ ಮುದುಕಿಯಾಗಿ ಅದೇ ದಂಡೆಗೆ ಬಂದು ಹೊಸ ದೋಣಿ ಕಟ್ಟುತ್ತಾಳೆ. ಹುಟ್ಟು ಹಾಕಲು ಕೈಯಲ್ಲಿ ಶಕ್ತಿ ಇರುವುದಿಲ್ಲ. ಆಗ ಒಬ್ಬಳು ಹೆಂಗಸು ಬಂದು ಹುಟ್ಟು ಹಿಡಿಯುತ್ತಾಳೆ. ಬನ್ನಪ್ಪ ಅಂದು ಕಡೆಯದಾಗಿ ಬುರುಜು ಹತ್ತಿಸಿದ ಮಗು ಅವಳು. ಹಗ್ಗ ಕೊಯ್ದವನ ಮಗಳು.

"ಹಂಗಾದ್ರ ದೋಣಿ ನಡೀತದ," ಎಂದ ತುಕಾರಾಮ.

"ನಡೀತದ ಮುತ್ಯಾ."

"ಬರೋಬರಿ ಅದ."

ಅಲ್ಲಿಂದ ಪ್ರತಿ ಶನಿವಾರ ಅವಳು ನಡುವಿನ ಕಥೆ ಹೇಳತೊಡಗಿದಳು. ಅಕ್ಕಪಕ್ಕದ ಹೆಂಗಸರು ಬೀಡಿ ಎಲೆಯ ಮೊರ ಹಿಡಿದುಕೊಂಡೇ ಬಂದು ಪಡಸಾಲೆಯಲ್ಲಿ ಕೂರುತ್ತಿದ್ದರು. ಮೂರನೆಯ ಪುಸ್ತಕದ ಹೊತ್ತಿಗೆ ತುಕಾರಾಮ ಕೇಳುತ್ತ ಕೇಳುತ್ತ ನಿದ್ದೆ ಹೋಗುತ್ತಿದ್ದ. ಎಚ್ಚರವಾದರೆ, "ಎಲ್ಲಿತನಕ ಬಂದ್ವಿ?" ಎನ್ನುತ್ತಿದ್ದ.

* * *

ಅವನು ಹೋದದ್ದು ಒಂದು ಮಂಗಳವಾರ ಬೆಳಗ್ಗೆ. ರಾತ್ರಿಯೆಲ್ಲ ನರಳಿ ಬೆಳಗಿನ ಹೊತ್ತಿಗೆ ಶಾಂತವಾಗಿದ್ದ. ಸಾವಿತ್ರಿಬಾಯಿ ಎರಡು ಚಮಚ ಅಂಬಲಿ ಕುಡಿಸಿದಳು. ಮೂರನೆಯದು ತುಟಿಯಿಂದ ಜಾರಿತು. ರಸ್ತೆಯ ಕಡೆ ಮುಖ ತಿರುಗಿಸು ಎಂದು ಕಣ್ಣಿನಲ್ಲಿ ಹೇಳಿದ. ಆಕೆ ತಿರುಗಿಸಿದಳು. ಅಂಗಡಿಯ ಮುಂದೆ ಒಂದು ಬಸ್ಸು ಹಾರ್ನು ಹಾಕಿಕೊಂಡು ಹೋಯಿತು.

"ಯಾವುದು?" ಎಂದ. ದನಿ ಆಕೆಗೆ ಮಾತ್ರ ಕೇಳಿಸಿತು.

"ಬೀದರಿಂದು," ಎಂದಳು.

ಅವನು ಇನ್ನೇನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಕೆ ಮೂಗಿನ ಹತ್ತಿರ ಕೈ ಹಿಡಿದು ನೋಡಿದಳು. ಅವನ ಕಣ್ಣು ಮುಚ್ಚಿದಳು. ಬಾಯಿ ಒರೆಸಿದಳು. ತಲೆಯನ್ನು ತೊಡೆಯಿಂದ ಇಳಿಸಿ ದಿಂಬಿನ ಮೇಲಿಟ್ಟು, ಹೊದಿಕೆಯನ್ನು ಎದೆಯ ತನಕ ಎಳೆದು ಸರಿಮಾಡಿದಳು. ಆಮೇಲೆ ಮಲ್ಲಣ್ಣನನ್ನು ಕರೆದಳು. ಅವನ ಹೆಂಡತಿ ಓಡಿ ಬಂದು ಬಾಯಿ ಬಡಿದುಕೊಂಡಳು. ಬೀದಿಯ ಜನ ಸೇರತೊಡಗಿದರು.

ಸಾವಿತ್ರಿಬಾಯಿ ಮಲ್ಲಣ್ಣನ ಫೋನು ಇಸಿದುಕೊಂಡು ಹಿತ್ತಲಿಗೆ ಹೋದಳು. ನೀರಿನ ಕಲ್ಲಿನ ಮೇಲೆ ಕೂತು ಮಗನಿಗೆ ಹಚ್ಚಿದಳು. ಮಿಲ್ಲಿನ ಯಂತ್ರದ ಸದ್ದು ದಬದಬ ಕೇಳಿಸಿತು.

"ಹಲೋ, ಮಲ್ಲಣ್ಣ?"

"ನಾ, ಪೀರ್ಯಾ."

"ಅವ್ವ? ಹೇಳವ್ವ."

"ತುಕಾರಾಮ ಹೋದ. ಈಗ. ನನ್ನ ತೊಡಿ ಮ್ಯಾಲೇ ಹೋದ."

ಆ ಕಡೆಯಿಂದ ಒಂದು ಸದ್ದು ಬಂತು. ಮಗ ಚಿಕ್ಕವನಿದ್ದಾಗ ಬಿಟ್ಟರೆ ಅಂಥ ದನಿ ಆಕೆ ಮತ್ತೆ ಕೇಳಿರಲಿಲ್ಲ. ಯಂತ್ರದ ಗದ್ದಲದಲ್ಲೂ ಅದು ಕೇಳಿಸುತ್ತಿತ್ತು.

"ಅವ್ವ, ನಾ ಹೇಳಬೇಕಿತ್ತು... ನಾ ಅವತ್ತೇ ಹೇಳಬೇಕಿತ್ತವ್ವ..."

"ಹೌದು. ಹೇಳಬೇಕಿತ್ತು," ಎಂದಳು ಆಕೆ.

"ಏ, ಮಿಷಿನ್ ಬಂದ್ ಕರೋ! ಬಂದ್ ಕರೋ!" ಎಂದು ಫಕ್ರುದ್ದೀನ್ ಕೂಗಿದ್ದು ಕೇಳಿಸಿತು. ಯಂತ್ರದ ಸದ್ದು ಇಳಿಯುತ್ತ ಇಳಿಯುತ್ತ ನಿಂತಿತು. ಈಗ ಮಗನ ಅಳು ಮಾತ್ರ ಉಳಿದಿತ್ತು, ತೀರ ಹತ್ತಿರ.

ಮಲ್ಲಣ್ಣ ಹಿತ್ತಲಿಗೆ ಬಂದು ಕೈ ಚಾಚಿದ. ಇನ್ನೂ ಹತ್ತಾರು ಮಂದಿಗೆ ಸುದ್ದಿ ಮುಟ್ಟಿಸಬೇಕಿತ್ತು. ಸಾವಿತ್ರಿಬಾಯಿ ತಡೆ ಎಂದು ಕೈ ಸನ್ನೆ ಮಾಡಿದಳು.

"ಅಳು," ಎಂದಳು ಫೋನಿನಲ್ಲಿ. "ನಾ ಕೇಳಾಕತ್ತೀನಿ. ಅಳು."

ಫೋನನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದು ಅಲ್ಲೇ ಕೂತಳು.